ಉಪ್ಪಿನ ಹೇರಿನವರು ಇಟ್ಟ ಹೆಸರುಗಳು

ಹೊತ್ತು: ಬೆಳಗಿನ ಪಾಠ ಮುಗಿದ ಸಮಯ. ಹವೆ: ಗಾಳಿ ನಿಂತಿತ್ತು, ಪಡುವಣದಲ್ಲಿ ಮೋಡ ಕಟ್ಟಿತ್ತು. ಹಾಜರಿದ್ದವರು: ಮಠದ ಗುರುಗಳು, ಶಿಷ್ಯ ಮಡಿವಾಳಯ್ಯ, ಅವನ ಹಿಂದೆ ಉಳಿದ ಶಿಷ್ಯರು. ಪಾರುಪತ್ಯಗಾರ ಶಂಭಯ್ಯ ಹಾಜರಿರಲಿಲ್ಲ. ದಾಸೋಹದ ಕಣಜದ ಹೆಂಚುಗಳನ್ನು ದುರಸ್ತಿಗೆಂದು ಇಳಿಸಿದ ಮೇಲೆ, ಅವನ್ನು ಮತ್ತೆ ಹೊದಿಸಲು ಶುಭಮುಹೂರ್ತ ಕೇಳಿಬರಲೆಂದು ಅವನು ಪಕ್ಕದ ಊರಿಗೆ ಹೋಗಿದ್ದ. ಕಣಜದಲ್ಲಿ ರಾಗಿ ತುಂಬಿತ್ತು. ಮೇಲೆ ಆಕಾಶವಿತ್ತು.

ಮಡಿವಾಳಯ್ಯ ಕೇಳಿದ: “ಬುದ್ಧಿ, ನಮ್ಮಲ್ಲಿ ಒಂದು ವಿವಾದ ಎದ್ದಿದೆ. ಪಾರುಪತ್ಯಗಾರರನ್ನು ಕೆಲವರು ಬೆಪ್ಪುತಕ್ಕಡಿ ಎನ್ನುತ್ತಾರೆ, ಕೆಲವರು ಮಂಕುದಿಣ್ಣೆ ಎನ್ನುತ್ತಾರೆ. ನಾನು ಅಡ್ಡಕಸಬಿ ಎಂದೆ. ಯಾವ ಹೆಸರು ಸರಿ? ತಾವೇ ತೀರ್ಮಾನಿಸಬೇಕು.”

ಹಿಂದೆ ಯಾರೋ ನಕ್ಕರು. ಗುರುಗಳು ನಗು ಮುಗಿಯುವವರೆಗೆ ಕಾದರು. ಬಳಿಕ ಈ ಕತೆ ಹೇಳಿದರು.

ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಕರಾವಳಿಯಿಂದ ಘಟ್ಟ ಹತ್ತುವ ವ್ಯಾಪಾರಿಗಳ ಒಂದು ತಂಡವಿತ್ತು. ಆ ಉಪ್ಪನ್ನು ಕೊಟ್ಟು ಅವರು ವರ್ಷದ ಧಾನ್ಯ ತರಬೇಕು. ತಪ್ಪಿದರೆ ಮನೆಗಳಲ್ಲಿ ಒಲೆ ಉರಿಯುವುದಿಲ್ಲ. ಗಂಟೆ ಕಟ್ಟಿದ ಎತ್ತು ಯಾರದೋ ಅವನೇ ಮುಂದಾಳು. ಅದು ಅವರ ಕಟ್ಟಳೆ. ಎತ್ತು ಒಳ್ಳೆಯದಿತ್ತು. ಒಡೆಯನಿಗೆ ದಾರಿ ತಿಳಿಯದು.

ಅವನು ಒಮ್ಮೆ ತಂಡವನ್ನು ಬತ್ತಿದ ಬಾವಿಯ ಬಳಿ ತಂಗಿಸಿದ. ಅವನನ್ನು ಗುಗ್ಗು ಎಂದರು. ಇನ್ನೊಮ್ಮೆ ಗುಡ್ಡ ಸುತ್ತಿಸಿ, ಬೆಳಿಗ್ಗೆ ತಾವೇ ಬಿಟ್ಟುಹೋಗಿದ್ದ ಒಲೆಗಲ್ಲುಗಳ ಬಳಿಗೆ ಕರೆತಂದ. ಆಗ ಗಾಣದೆತ್ತು ಎಂದರು. ಹೆಸರಿಡುವುದು ಕ್ರಮೇಣ ಪದ್ಧತಿಯಾಯಿತು. ಆ ದಿನದ ಒಳ್ಳೆಯ ಹೆಸರು ಇಟ್ಟವನು ಸಂಜೆ ಹೇರು ಇಳಿಸಬೇಕಾಗಿಲ್ಲ. ಮುಂದಾಳು ತಪ್ಪಿದರೆ ಯಾರೂ ಸಿಡುಕುತ್ತಿರಲಿಲ್ಲ. ತಪ್ಪದ ದಿನ ಬೇಸರಪಡುತ್ತಿದ್ದರು.

ತಂಡದಲ್ಲಿ ಒಬ್ಬ ಮುದುಕನಿದ್ದ. ಅವನಿಗೆ ಸೊಂಟನೋವು. ಹೆಸರಿಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದ್ದರಿಂದ ಆ ಪ್ರಯಾಣದಲ್ಲಿ ಅವನು ಹೇರು ಮುಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಹೊಳೆ ದಾಟುವ ಜಾಗಕ್ಕೆ ಬಂದರು. ನೀರು ಮೊಣಕಾಲುದ್ದವಿತ್ತು. ಮುಂದಾಳು ಹಿಂತಿರುಗಿ, ಇಳಿಯಬಹುದೇ ಎಂದು ಕೇಳಿದ. ಅವನು ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು. ನೀರು ಕೆಂಪಾಗುತ್ತಿರುವುದನ್ನೂ ಹಸಿರೆಲೆಗಳು ತೇಲಿಬರುತ್ತಿರುವುದನ್ನೂ ಮುದುಕ ಕಂಡ. ಮೇಲೆ ಮಳೆ ಬಿದ್ದಿದೆ, ಹೊಳೆ ಏರಲಿದೆ ಎಂದು ತಿಳಿದ. ಆದರೆ ಆ ದಿನ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ.

“ಜಲಸ್ತಂಭನ ಬಲ್ಲ ಮಹಾಸ್ವಾಮಿಗಳು ನಮ್ಮನ್ನು ಕೇಳುವುದುಂಟೆ? ತಾವು ಪಾದ ಇಡಿ, ಹೊಳೆ ತಾನೇ ನಿಲ್ಲುತ್ತದೆ,” ಎಂದ.

ತಂಡ ಹೊಟ್ಟೆ ಹಿಡಿದು ನಕ್ಕಿತು. ಮುಂದಾಳು ಅದನ್ನು ಒಪ್ಪಿಗೆಯೆಂದು ತಿಳಿದು ನೀರಿಗಿಳಿದ. ಗಂಟೆಯ ಸದ್ದಿನ ಹಿಂದೆ ಎತ್ತುಗಳು ಇಳಿದವು. ಎತ್ತುಗಳ ಹಿಂದೆ, ನಗುತ್ತಲೇ, ಉಳಿದವರು ಇಳಿದರು. ಮುಂದಾಳು ಆಚೆಯ ದಡ ಸೇರಿದ. ಮಿಕ್ಕವರು ನಡುಹೊಳೆಯಲ್ಲಿದ್ದಾಗ ನೀರು ಏರಿಬಂತು. ಎತ್ತುಗಳು ಈಜಿದವು, ಜನ ಅವುಗಳ ಬಾಲ ಹಿಡಿದು ಬದುಕಿದರು. ಉಪ್ಪು ಹೊಳೆಯ ಪಾಲಾಯಿತು.

ದಡದಲ್ಲಿ ಒಬ್ಬ ವ್ಯಾಪಾರಿ ಖಾಲಿ ಚೀಲ ಹಿಂಡುತ್ತ ಮುದುಕನನ್ನು ಕೇಳಿದ: “ನಿನಗೆ ನೀರಿನ ಬಣ್ಣ ಕಾಣಲಿಲ್ಲವೇ, ಅಜ್ಜ?”

“ಕಂಡಿತು.”

“ಮತ್ತೆ ಏಕೆ ಹೇಳಲಿಲ್ಲ?”

ಮುದುಕ ತಲೆ ತಗ್ಗಿಸಿದ. “ಹೆಸರು ಚೆನ್ನಾಗಿತ್ತು.”

ಆ ಸಂಜೆ ಇಳಿಸಲು ಯಾರಿಗೂ ಹೇರೇ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಆ ಮುದುಕನಿಗೆ ತಂಡದವರು ಏನು ಹೆಸರಿಟ್ಟರು ಎಂದು ಮಡಿವಾಳಯ್ಯ ಕೇಳಿದ. ಅವನ ಮಾತು ಮುಗಿಯುವಷ್ಟರಲ್ಲಿ ಅಂಗಳದ ಕಲ್ಲಿನ ಮೇಲೆ ಒಂದು ದಪ್ಪ ಹನಿ ಬಿತ್ತು. ಇನ್ನೊಂದು ಬಿತ್ತು. ಎಲ್ಲರ ಕಣ್ಣೂ ಕಣಜದ ಕಡೆ ತಿರುಗಿತು. ಈಗ ಯಾರೂ ನಗಲಿಲ್ಲ.

ಗುರುಗಳು ಎದ್ದು ನಿಂತು ತೀರ್ಪು ಹೇಳಿದರು: “ಹೆಸರಿಟ್ಟವರೆಲ್ಲ ಏಣಿ ಹತ್ತಿ.”