ಅಲುಗದ ಬೆಳ್ಳಕ್ಕಿ

ಎಲ್ಲಿ ನಡೆದದ್ದು ಎಂದು ಕೇಳಬೇಡಿ. ನದಿ ಕವಲೊಡೆದು, ನೀರು ನಿಂತು, ಜೊಂಡು ಆಳೆತ್ತರ ಬೆಳೆದ ಕಡೆ ಎಲ್ಲಾದರೂ ನಡೆದೀತು.

ಆ ನೀರಿನ ದಂಡೆಯಲ್ಲಿ ರಾಚಯ್ಯ ಎಂಬ ಗುರುವಿನ ಪುಟ್ಟ ಮಠವಿತ್ತು. ಬೆಳಗಾದರೆ ಸಾಕು, ರಾಚಯ್ಯನವರು ದೋಣಿ ಬಿಚ್ಚಿಕೊಂಡು ಹೊರಡುತ್ತಿದ್ದರು. ಜಪವೂ ಇಲ್ಲ, ತಪವೂ ಇಲ್ಲ. ಹಕ್ಕಿ ನೋಡುವುದು, ಚಿಟ್ಟೆ ನೋಡುವುದು, ಹಸಿವಾದಾಗ ವಾಪಸು ಬರುವುದು. ಮಠದವರಿಗೆ ಇದೊಂದು ಮುಜುಗರ. ಭಕ್ತರು ಬಂದು ಗುರುಗಳೆಲ್ಲಿ ಎಂದು ಕೇಳಿದರೆ ಏನೆಂದು ಹೇಳುವುದು?

ಅವರ ಶಿಷ್ಯ ಶಿವಮಲ್ಲ ಹಾಗಲ್ಲ. ಕಣ್ಣು ಮುಚ್ಚಿ ಕೂತನೆಂದರೆ ಮುಗಿಯಿತು. ಸೊಳ್ಳೆ ಕಚ್ಚಲಿ, ಇರುವೆ ಹತ್ತಲಿ, ಮಿಸುಕುತ್ತಿರಲಿಲ್ಲ. ಅವನನ್ನು ನೋಡಲೆಂದೇ ಜನ ಬರತೊಡಗಿದ್ದರು. ಬಂದವರು ಸದ್ದಿಲ್ಲದೆ ಅವನ ಸುತ್ತ ಕೂರುತ್ತಿದ್ದರು.

ಆಚೆ ದಂಡೆಯ ಸಾಹುಕಾರ ಚೆನ್ನಬಸಪ್ಪ ಅವನಿಗಾಗಿಯೇ ಹೊಸ ಮಠ ಕಟ್ಟಿಸಿದ್ದ. ನಾಳೆ ಶಿವಮಲ್ಲ ಅಲ್ಲಿ ಪೀಠ ಏರಬೇಕು. ಎಲ್ಲ ಸಿದ್ಧವಾಗಿತ್ತು, ಗುರುವಿನ ಅಪ್ಪಣೆಯೊಂದು ಬಿಟ್ಟು. ಅದಿಲ್ಲದೆ ಪೀಠ ಏರುವ ಹಾಗಿರಲಿಲ್ಲ.

ಅಪ್ಪಣೆ ಕೇಳಲೆಂದೇ ಆ ಬೆಳಗ್ಗೆ ಅವನು ಗುರುವಿನ ದೋಣಿ ಹತ್ತಿದ. ಹುಟ್ಟು ಮಾತ್ರ ರಾಚಯ್ಯನವರೇ ಹಾಕಿದರು. ಅದನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ.

"ಗುರುಗಳೇ, ನಾಳೆಗೆ ತಮ್ಮ ಅಪ್ಪಣೆ ಆಗಬೇಕು."

"ಅಗೋ, ಮಿಂಚುಳ್ಳಿ. ಆ ಬಿದಿರಿನ ಮೇಲೆ."

ಶಿವಮಲ್ಲ ಮಿಂಚುಳ್ಳಿಯನ್ನು ನೋಡಿದ. ಮತ್ತೆ ಕೇಳಿದ.

"ಚೆನ್ನಬಸಪ್ಪನವರು ಎಲ್ಲ ಏರ್ಪಾಟು ಮಾಡಿದ್ದಾರೆ. ನಾನು ಸುಮ್ಮನೆ ಕಣ್ಣು ಮುಚ್ಚಿ ಕೂತಿದ್ದರೆ ಸಾಕಂತೆ. ಮಿಕ್ಕಿದ್ದನ್ನು ಅವರು ನೋಡಿಕೊಳ್ಳುತ್ತಾರಂತೆ."

"ತಲೆ ಬಗ್ಗಿಸು, ಜೊಂಡು ತಗಲುತ್ತೆ. ಆ ಹಳದಿ ಚಿಟ್ಟೆ ಕಂಡಿತಾ?"

ಇವರಿಗೆ ಕಿವಿ ಮಂದವೋ, ಬೇಕೆಂದೇ ಆಡುತ್ತಿದ್ದಾರೋ ಶಿವಮಲ್ಲನಿಗೆ ತಿಳಿಯಲಿಲ್ಲ. ಅವನಿಗೆ ಒಳಗೇ ಸಿಟ್ಟು ಬಂತು. ನಾಳೆ ಪೀಠಕ್ಕೆ ಹೋಗುವವನು ಇವತ್ತು ಚಿಟ್ಟೆ ಎಣಿಸಬೇಕೇ?

ದೋಣಿ ಜೊಂಡಿನ ನಡುವಿನ ಸಣ್ಣ ಕಾಲುವೆಗೆ ಹೊರಳಿತು. ನೀರುಕಾಗೆಗಳು ದಡಬಡ ಎದ್ದವು. ದೇವನಕ್ಕಿಯೊಂದು ತಾವರೆ ಎಲೆಯ ಮೇಲೆ ಓಡಿಹೋಯಿತು. ಎಲ್ಲ ಹಕ್ಕಿಗಳೂ ದೋಣಿ ಕಂಡು ದೂರ ಸರಿದವು.

ಒಂದು ಮಾತ್ರ ಸರಿಯಲಿಲ್ಲ.

ಕೆಸರು ದಿಬ್ಬದ ಮೇಲೆ ಬೆಳ್ಳಕ್ಕಿಯೊಂದು ನಿಂತಿತ್ತು. ಕಣ್ಣು ಮುಚ್ಚಿತ್ತು. ದೋಣಿ ಬಂದರೂ ಕದಲಲಿಲ್ಲ. ಅದರ ಮುಚ್ಚಿದ ರೆಪ್ಪೆಯ ಮೇಲೇ ಒಂದು ನೀಲಿ ಚಿಟ್ಟೆ ಕೂತು ರೆಕ್ಕೆ ಆಡಿಸುತ್ತಿತ್ತು. ಹಕ್ಕಿ ತಲೆ ಕೂಡ ಕೊಡವಲಿಲ್ಲ.

ಶಿವಮಲ್ಲನ ಮೈ ಜುಮ್ಮೆಂದಿತು.

"ಗುರುಗಳೇ, ಅದನ್ನು ನೋಡಿ. ಬೆಳ್ಳಕ್ಕಿಯ ಧ್ಯಾನವೆಂದರೆ ಮೀನಿಗೆ ಹೊಂಚು ಅಂತ ಜನ ನಗುತ್ತಾರೆ. ಇದು ಹೊಂಚಲ್ಲ. ರೆಪ್ಪೆ ಮೇಲೆ ಚಿಟ್ಟೆ ಕೂತರೂ ಅದಕ್ಕೆ ಅರಿವಿಲ್ಲ."

ರಾಚಯ್ಯನವರು ಹುಟ್ಟು ನಿಲ್ಲಿಸಿದರು. ಅವರ ಮುಖ ಬಿಗಿಯಿತು.

"ಮತ್ತೇನು ಕಾಣುತ್ತೆ?"

"ಮೇಲೆ ನೋಡಿ, ಅದರ ಜಾತಿಯ ಹಿಂಡೇ ಬರುತ್ತಿದೆ. ಇದು ನೆಮ್ಮದಿಯಾಗಿ ನಿಂತದ್ದು ಕಂಡು ಅವೂ ಇಳಿಯುತ್ತಿವೆ. ನನಗೆ ಇಂಥ ಸ್ಥಿತಿ ಬರಲಿ ಅಂತ ಆಶೀರ್ವಾದ ಮಾಡಿ. ಅದೇ ನನಗೆ ಅಪ್ಪಣೆ."

"ಮಾಡುತ್ತೇನೆ. ಮೊದಲು ಹತ್ತಿರ ಹೋಗಿ ನೋಡಿ ಬಾ."

ಶಿವಮಲ್ಲ ಮೊಣಕಾಲುದ್ದದ ನೀರಿಗೆ ಇಳಿದ. ಕೈ ಮುಗಿದುಕೊಂಡೇ ನಡೆದ. ಹಕ್ಕಿ ಆಗಲೂ ಅಲುಗಲಿಲ್ಲ. ಅವನು ಬಗ್ಗಿ ಅದರ ಮುಖ ನೋಡಿದ.

ಎರಡೂ ಕಣ್ಣಿನ ರೆಪ್ಪೆಗಳನ್ನು ಕಪ್ಪು ದಾರದಿಂದ ಹೊಲಿದಿದ್ದರು.

ಸೂಜಿ ಚುಚ್ಚಿದಲ್ಲಿ ಕೀವು ಜಿನುಗುತ್ತಿತ್ತು. ನೀಲಿ ಚಿಟ್ಟೆ ಅದನ್ನು ಹೀರುತ್ತಿತ್ತು.

ಶಿವಮಲ್ಲನ ಮುಗಿದ ಕೈ ಮುಗಿದಂತೆಯೇ ಇತ್ತು. ಹಕ್ಕಿಯ ಕಾಲಿನಿಂದ ಒಂದು ಹುರಿ ಕೆಸರಿಗೆ ಹೂತ ಗೂಟಕ್ಕೆ ಹೋಗಿತ್ತು. ದಿಬ್ಬದ ಸುತ್ತ ನೀರಿನಡಿಯಲ್ಲಿ ಬಲೆ ಹಾಸಿತ್ತು.

"ಸದ್ದು ಮಾಡ್ಬೇಡಿ ಬುದ್ಧಿ," ಎಂದಿತು ಒಂದು ಧ್ವನಿ.

ಜೊಂಡಿನೊಳಗೆ ಎದೆಮಟ್ಟದ ನೀರಿನಲ್ಲಿ ಒಬ್ಬ ನಿಂತಿದ್ದ. ಬಲೆಯ ಹಗ್ಗ ಅವನ ಕೈಯಲ್ಲಿತ್ತು.

"ಇದು ದೀವದ ಹಕ್ಕಿ. ಇದನ್ನ ನಂಬ್ಕೊಂಡು ಮಿಕ್ಕವು ಇಳೀತವೆ. ಒಂದು ಗಳಿಗೆ ಹಂಗೇ ನಿಂತಿರಿ, ಹಿಂಡು ಕೆಳಕ್ಕೆ ಬರ್ತಾ ಅದೆ."

"ಕಣ್ಣು ಹೊಲಿದಿದ್ದೀಯಲ್ಲ," ಎಂದ ಶಿವಮಲ್ಲ.

"ಹೊಲೀದಿದ್ರೆ ಆಯ್ತದಾ ಬುದ್ಧಿ? ಕಣ್ಣು ಕಂಡ್ರೆ ಒದ್ದಾಡ್ತದೆ, ಕಿರುಚ್ತದೆ. ಆಮೇಲೆ ಯಾವ ಹಕ್ಕಿ ಇಳಿದಾತು? ಹೊಲಿದ ಮೇಲೆ ನೋಡಿ, ಎಷ್ಟು ಸಾಧು ಆಗೋಯ್ತು."

"ಅದಕ್ಕೆ ನೋವಿಲ್ಲವೇ?"

"ಮೊದ್ಲು ಇತ್ತು. ಈಗ ಒಗ್ಗೋಗದೆ. ಹೊತ್ತೊತ್ತಿಗೆ ಮೀನು ತಂದು ಬಾಯಿಗೇ ಇಕ್ತೀನಿ, ಅದಕ್ಕೇನು ಕಮ್ಮಿ? ಅದು ಸುಮ್ನೆ ಕೂತಿದ್ರೆ ಸಾಕು. ಮಿಕ್ಕಿದ್ದು ನಾನು ನೋಡ್ಕೊತೀನಿ."

ಈ ಮಾತನ್ನು ಶಿವಮಲ್ಲ ಮೊದಲೇ ಕೇಳಿದ್ದ. ರೇಷ್ಮೆ ಶಾಲು ಹೊದಿಸುತ್ತ, ನಗುತ್ತ, ಇನ್ನೊಬ್ಬರು ಹೇಳಿದ್ದರು. ಕೇಳಿ ಅವನು ಹಿಗ್ಗಿದ್ದ.

ತಲೆಯ ಮೇಲೆ ಹಿಂಡು ಒಂದು ಸುತ್ತು ಹೊಡೆದು ಇನ್ನೂ ಕೆಳಗೆ ಬಂತು. ಅವುಗಳ ರೆಕ್ಕೆಯ ಸದ್ದು ಕೇಳಿಸುತ್ತಿತ್ತು. ಎಳೆಯ ಹಕ್ಕಿಗಳೂ ಇದ್ದವು.

"ಗುರುಗಳೇ, ಚಾಕು ಕೊಡಿ."

"ನನ್ನ ಹತ್ತಿರ ಇಲ್ಲ," ಎಂದರು ರಾಚಯ್ಯ ದೋಣಿಯಿಂದ. "ನಿನಗೆ ಹಲ್ಲಿಲ್ಲವೇ?"

ಶಿವಮಲ್ಲ ಎರಡೂ ಕೈಯಲ್ಲಿ ಹಕ್ಕಿಯನ್ನು ಹಿಡಿದುಕೊಂಡ. ಮಡಿ, ಮೈಲಿಗೆ ಏನೂ ನೆನಪಾಗಲಿಲ್ಲ. ಬಾಯನ್ನು ಅದರ ಕಣ್ಣಿಗೆ ಹಚ್ಚಿ ದಾರ ಕಡಿದ. ಕೀವು ನಾಲಗೆಗೆ ಬಂತು. ಉಗಿದು ಇನ್ನೊಂದನ್ನೂ ಕಡಿದ.

"ಬುದ್ಧಿ, ಬುದ್ಧಿ, ಬಿಡಿ," ಎನ್ನುತ್ತ ಬಲೆಯವನು ನೀರು ಸೀಳಿಕೊಂಡು ಬಂದ.

ರೆಪ್ಪೆ ನಿಧಾನವಾಗಿ ತೆರೆಯಿತು. ಹಳದಿ ಕಣ್ಣು ಬೆಳಕಿಗೆ ಹೆದರಿತು, ಆಮೇಲೆ ಶಿವಮಲ್ಲನನ್ನು ಕಂಡಿತು. ಕಂಡದ್ದೇ ತಡ, ಹಕ್ಕಿ ಕರ್ಕಶವಾಗಿ ಕಿರುಚಿ ಅವನ ಹುಬ್ಬಿಗೆ ಕುಕ್ಕಿತು. ರಕ್ತ ಮುಖದ ಮೇಲೆ ಇಳಿಯಿತು. ಅವನು ಕೈ ಬಿಡಲಿಲ್ಲ. ಅದು ಮತ್ತೆ ಮತ್ತೆ ಕಿರುಚಿತು.

ನೆಲ ಮುಟ್ಟಲಿದ್ದ ಹಿಂಡು ಒಮ್ಮೆಲೇ ಮೇಲೆದ್ದಿತು. ಒಂದೂ ಹಿಂದೆ ಉಳಿಯಲಿಲ್ಲ.

ಶಿವಮಲ್ಲ ಕಾಲಿನ ಹುರಿಯನ್ನೂ ಕಡಿದ. ಹಕ್ಕಿ ಬಿದ್ದು, ಎದ್ದು, ರೆಕ್ಕೆ ಬಡಿದುಕೊಂಡು ಜೊಂಡಿನೊಳಗೆ ನುಗ್ಗಿತು.

ಬಲೆಯವನು ಕೈ ಚೆಲ್ಲಿ ನಿಂತ. "ಹೊಟ್ಟೆ ಮೇಲೆ ಹೊಡೆದ್ರಲ್ಲ ಬುದ್ಧಿ. ಮನೇಲಿ ಒಲೆ ಹಚ್ಚೋದು ಹೆಂಗೆ?"

"ತಪ್ಪು ನಮ್ಮದೇ ಅನ್ನು," ಎಂದರು ರಾಚಯ್ಯ. "ಹೆಂಡತಿ ಮಕ್ಕಳನ್ನು ಕರಕೊಂಡು ಮಠಕ್ಕೆ ಊಟಕ್ಕೆ ಬಾ. ಇವತ್ತೂ ಬಾ, ನಾಳೆಯೂ ಬಾ. ಸೂಜಿ ಮಾತ್ರ ಇಲ್ಲೇ ಎಸೆದು ಬಾ."

ಅವನು ಬಲೆ ಸುತ್ತತೊಡಗಿದ.

ದೋಣಿ ಹಿಂತಿರುಗಿತು. ಶಿವಮಲ್ಲ ಮುಖದ ರಕ್ತ ತೊಳೆದಿರಲಿಲ್ಲ.

"ನಾನು ಅದಕ್ಕೆ ಕೈ ಮುಗಿದೆ, ಗುರುಗಳೇ."

"ಕಂಡೆ."

"ಅದರ ಹಾಗೆ ಆಗಬೇಕು ಅಂತ ಬೇಡಿಕೊಂಡೆ."

"ಅದನ್ನೂ ಕೇಳಿದೆ."

"ನಾಳೆ ನಾನು ಪೀಠಕ್ಕೆ ಹೋಗುವುದಿಲ್ಲ. ಚೆನ್ನಬಸಪ್ಪನವರಿಗೆ ನಾನೇ ಹೋಗಿ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ."

"ಹೇಳು."

ರಾಚಯ್ಯನವರು ಹುಟ್ಟು ಹಾಕುತ್ತಲೇ ಇದ್ದರು. ಮಠದ ಮೆಟ್ಟಿಲು ಕಾಣಿಸಿತು. ಶಿವಮಲ್ಲನಿಗೆ ಅಳು ತಡೆಯಲಾಗಲಿಲ್ಲ. ಅವನು ಮುಂದೆ ಬಾಗಿ ಗುರುವಿನ ಕಾಲು ಹಿಡಿದುಕೊಂಡ.

"ನನಗೆ ಇನ್ನು ಯಾವ ಮಠವೂ ಬೇಡ, ಯಾರೂ ಬೇಡ. ಸಾಯುವ ತನಕ ನಿಮ್ಮ ಹತ್ತಿರವೇ ಇದ್ದುಬಿಡುತ್ತೇನೆ. ನಾನು ಊರು ಬಿಟ್ಟು ಬಂದ ದಿನ ನೀವು ಆ ಮೆಟ್ಟಿಲ ಮೇಲೆ ನೆಮ್ಮದಿಯಾಗಿ ಕೂತಿದ್ದಿರಿ. ಅದನ್ನು ಕಂಡೇ ಇಲ್ಲಿ ನಿಂತವನು ನಾನು. ಯಾರನ್ನೂ ಏನೂ ಕೇಳಲಿಲ್ಲ. ನಿಮ್ಮನ್ನು ನಂಬಿದೆ, ಅಷ್ಟೆ."

ಹುಟ್ಟು ನಿಂತಿತು. ರಾಚಯ್ಯನವರು ಬಗ್ಗಿ, ಶಿಷ್ಯನ ಗಲ್ಲ ಹಿಡಿದು, ರಕ್ತ ಮೆತ್ತಿದ ಆ ಮುಖವನ್ನು ಮೇಲೆತ್ತಿದರು.

"ಶಿವಮಲ್ಲ, ನನ್ನ ಕಣ್ಣನ್ನು ನೀನು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀಯಾ?"