ಸೂರ್ಯ ಮೊದಲೋ, ಪಿಶಾಚಿ ಮೊದಲೋ

ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ: “ಗುರುಗಳೇ, ನಿಯಮವೇ ಬಾಯಿ ಮುಚ್ಚಿಕೊಂಡಿರುವಾಗ ಯಾವುದು ಸರಿ ಎಂದು ತಿಳಿಯುವುದು ಹೇಗೆ?”

ಗುರು ಅವನ ಕಂಕುಳ ಕಡೆ ನೋಡಿದರು. ಅಲ್ಲಿ ಮೂರು ಗ್ರಂಥಗಳಿದ್ದವು. ಮೂರರಲ್ಲೂ ಗುರುತಿಗೆ ಚೀಟಿ ಇಟ್ಟಿತ್ತು. ಉತ್ತರವನ್ನು ಮೊದಲೇ ಹುಡುಕಿಟ್ಟುಕೊಂಡು ಪ್ರಶ್ನೆ ಕೇಳಲು ಬರುವವರನ್ನು ಗುರು ಬೇಕಾದಷ್ಟು ಕಂಡಿದ್ದರು.

“ಮೊದಲು ಆ ಹೊರೆ ಕೆಳಗಿಡು, ತಮ್ಮಾ,” ಎಂದರು. “ಒಂದು ಕತೆ ಹೇಳುತ್ತೇನೆ. ಪಿಶಾಚಿಗಳ ಆಟದ ಕತೆ. ನಗಬೇಡ.”

ಶಿಷ್ಯ ಗ್ರಂಥಗಳನ್ನು ಕೆಳಗಿಟ್ಟು ಕೂತ. ಗುರು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ವಾರದಲ್ಲಿ ಆರು ದಿನ ಪಾತ್ರೆ ಮಾರುತ್ತಿದ್ದ. ಏಳನೆಯ ದಿನ ಪಿಶಾಚಿಗಳನ್ನು ಸಾಕುತ್ತಿದ್ದ. ಅಂದರೆ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗಡಿಯಾರ ರಿಪೇರಿ ಅಂಗಡಿಯ ಮಹಡಿಗೆ ಹೋಗಿ ‘ರಕ್ತಕೋಟೆ’ ಎಂಬ ಕಾರ್ಡಿನ ಆಟ ಆಡುತ್ತಿದ್ದ. ಮಕ್ಕಳಾಟ ಎಂದುಕೊಳ್ಳಬೇಡ. ಅಲ್ಲಿಗೆ ಬರುತ್ತಿದ್ದವರಲ್ಲಿ ಅರ್ಧ ಜನರಿಗೆ ತಲೆ ನರೆತಿತ್ತು. ಹೆಂಡತಿಯ ಜನ್ಮದಿನ ಮರೆತರೂ ಯಾವ ಪಿಶಾಚಿ ಎಷ್ಟು ಹನಿ ಕುಡಿಯುತ್ತದೆ ಎಂಬುದನ್ನು ಅವರು ಮರೆಯುತ್ತಿರಲಿಲ್ಲ.

ಆಟ ಹೀಗಿತ್ತು. ಆಡುವ ಇಬ್ಬರಿಗೂ ಒಂದೊಂದು ಕೋಟೆ. ಕೋಟೆಯಲ್ಲಿ ಇಪ್ಪತ್ತು ಹನಿ ರಕ್ತ. ಹನಿಗಳ ಲೆಕ್ಕಕ್ಕೆ ಗುಲಗಂಜಿ. ಒಬ್ಬೊಬ್ಬರೂ ತಮ್ಮ ರಕ್ತಪಿಶಾಚಿಗಳನ್ನು ಛೂ ಬಿಟ್ಟು ಎದುರಿನವರ ರಕ್ತ ಕುಡಿಸಬೇಕು. ರಕ್ತ ಮುಗಿದರೆ ಕೋಟೆ ಬಿದ್ದಂತೆ. ತಮ್ಮ ಮುಂದೆ ಒಂದೂ ಪಿಶಾಚಿ ಉಳಿಯದಿದ್ದರೂ ಕೋಟೆ ಬಿದ್ದಂತೆಯೇ. ಕಾರ್ಡುಗಳು ಮುಚ್ಚಿದ ಪೊಟ್ಟಣಗಳಲ್ಲಿ ಬರುತ್ತಿದ್ದವು. ಒಡೆಯುವವರೆಗೆ ಒಳಗೆ ಯಾವುದಿದೆಯೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಆ ಮಹಡಿಯಲ್ಲಿ ಆಟಕ್ಕಿಂತ ಅದಲುಬದಲೇ ಜೋರು. ‘ನನ್ನ ಎರಡು ಬಾವಲಿಗೆ ನಿನ್ನ ಒಂದು ತೋಳ ಕೊಡು’ ಎನ್ನುವ ಗದ್ದಲ ಬೀದಿಗೂ ಕೇಳುತ್ತಿತ್ತು.

ಕಾರ್ಡುಗಳು ಒಟ್ಟು ನೂರೆಂಟು. ವ್ಯಾಪಾರಿಯ ಬಳಿ ನೂರೇಳು ಇದ್ದವು.

ಇಲ್ಲದ ಆ ಒಂದರ ಹೆಸರು ‘ಹಲ್ಲಿಲ್ಲದ ಅಜ್ಜ’. ಮುದಿ ಪಿಶಾಚಿ, ಬೊಚ್ಚು ಬಾಯಿ, ಕೈಯಲ್ಲೊಂದು ಬಟ್ಟಲು. ಆಟದಲ್ಲಿ ಅದು ಕವಡೆ ಕಾಸಿನ ಪ್ರಯೋಜನಕ್ಕಿಲ್ಲ. ಆದರೆ ಆ ಊರಿನಲ್ಲಿ ಅಂಥ ಕಾರ್ಡು ಒಂದೇ ಒಂದು ಇತ್ತು. ಅದು ರವಿಕೆ ಹೊಲಿಯುವ ಒಬ್ಬ ಹೆಂಗಸಿನ ಪೆಟ್ಟಿಗೆಯಲ್ಲಿತ್ತು. ಆಕೆಗೆ ಈ ಆಟ ಕಲಿಸಿದವನು ಅವಳ ತಮ್ಮ. ಅವನು ಸಾಯುವ ಮುಂಚೆ ಒಡೆದ ಕೊನೆಯ ಪೊಟ್ಟಣದಲ್ಲಿ ಬಂದದ್ದು ಈ ಅಜ್ಜ. ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಅಕ್ಕನಿಗೆ’ ಎಂದು ಬರೆದು ಕೊಟ್ಟಿದ್ದ. ವ್ಯಾಪಾರಿ ಅದಕ್ಕೆ ಬದಲು ಒಮ್ಮೆ ಹತ್ತು ಕಾರ್ಡು ಕೊಡುತ್ತೇನೆಂದ, ಒಮ್ಮೆ ನಲವತ್ತು ಎಂದ. ಆಕೆ ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದಳು: “ಇದೊಂದು ಬಿಟ್ಟು ಬೇರೇನು ಬೇಕಾದರೂ ಕೇಳಿ, ಅಣ್ಣಾ.”

ಬೇರೆ ಏನು ಕೇಳುವುದು? ನೂರೇಳು ಅವನ ಬಳಿಯೇ ಇದ್ದವಲ್ಲ. ಇರುವ ನೂರೇಳು ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಇಲ್ಲದ ಒಂದು ಮಾತ್ರ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ವರ್ಷಕ್ಕೊಮ್ಮೆ ಅಲ್ಲಿ ದೊಡ್ಡ ಪಂದ್ಯ ನಡೆಯುತ್ತಿತ್ತು. ಕೊನೆಯ ಆಟದಲ್ಲಿ ಗೆದ್ದವರು ಸೋತವರ ಪೆಟ್ಟಿಗೆಗೆ ಕೈ ಹಾಕಿ ತಮಗೆ ಬೇಕಾದ ಒಂದು ಕಾರ್ಡು ತೆಗೆದುಕೊಳ್ಳಬಹುದು. ಪ್ರೀತಿಯದನ್ನು ಮನೆಯಲ್ಲಿ ಬಚ್ಚಿಟ್ಟು ಬರುವಂತಿಲ್ಲ, ಪೆಟ್ಟಿಗೆ ತುಂಬಿಯೇ ಬರಬೇಕು. ಪಂದ್ಯಕ್ಕೆ ಹೋಗಬೇಡ ಎಂದು ಆಕೆಗೆ ಎಷ್ಟೋ ಜನ ಬುದ್ಧಿ ಹೇಳಿದ್ದರು. ಆದರೆ ಆಟ ಬಿಡುವುದೆಂದರೆ ಆಕೆಗೆ ತಮ್ಮನನ್ನು ಇನ್ನೊಂದು ಸಲ ಕಳೆದುಕೊಂಡ ಹಾಗೆ. ಆ ವರ್ಷವೂ ಬಂದಳು. ಕೊನೆಯ ಆಟಕ್ಕೆ ಎದುರು ಬದುರಾಗಿ ಕೂತವರು ಆಕೆ ಮತ್ತು ವ್ಯಾಪಾರಿ.

ಆಟ ಬಿಗಿಯಾಯಿತು. ಕೊನೆಗೆ ಆಕೆಯ ಮುಂದೆ ಉಳಿದದ್ದು ಒಂದೇ ಗುಲಗಂಜಿ. ವ್ಯಾಪಾರಿಯ ಮುಂದೆ ಉಳಿದದ್ದು ಒಂದೇ ಪಿಶಾಚಿ. ಆಕೆ ತನ್ನ ಸರದಿಯಲ್ಲಿ ‘ಸೂರ್ಯೋದಯ’ದ ಕಾರ್ಡು ಇಟ್ಟಳು. ಸರದಿ ವ್ಯಾಪಾರಿಗೆ ಬಂತು. ಜಗಳವೂ ಬಂತು.

ನಿಯಮದ ಹಾಳೆಯಲ್ಲಿ ಒಂದು ಕಡೆ, ತನ್ನವರ ಸರದಿ ಬಂದ ಕೂಡಲೇ ಪಿಶಾಚಿ ಎದುರಿನವರ ಒಂದು ಹನಿಯನ್ನಾದರೂ ಕುಡಿಯುತ್ತದೆ ಎಂದಿತ್ತು. ಇನ್ನೊಂದು ಕಡೆ, ಎದುರಿನವರ ಸರದಿ ಬಂದ ಕೂಡಲೇ ಸೂರ್ಯೋದಯವು ಅವರ ಪಿಶಾಚಿಗಳನ್ನೆಲ್ಲ ಸುಡುತ್ತದೆ ಎಂದಿತ್ತು. ಎರಡೂ ಒಟ್ಟಿಗೆ ಬಂದರೆ ಯಾವುದು ಮೊದಲು? ಹಾಳೆ ಆ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಪಿಶಾಚಿ ಮೊದಲಾದರೆ ಆಕೆಯ ಕೊನೆಯ ಹನಿ ಹೋಗಿ ವ್ಯಾಪಾರಿ ಗೆದ್ದ. ಸೂರ್ಯ ಮೊದಲಾದರೆ ಪಿಶಾಚಿ ಬೂದಿಯಾಗಿ ಆಕೆ ಗೆದ್ದಳು.

“ಪಿಶಾಚಿ ಮೊದಲಿನಿಂದ ಇಲ್ಲೇ ಕೂತಿದೆ. ಸೂರ್ಯ ಈಗ ಬಂದವನು. ಮೊದಲು ಬಂದವರಿಗೆ ಮೊದಲು ಎಲೆ,” ಎಂದ ವ್ಯಾಪಾರಿ.

“ಸೂರ್ಯ ಯಾರ ಊಟ ಮುಗಿಯಲಿ ಅಂತಲೂ ಕಾಯುವುದಿಲ್ಲ, ಅಣ್ಣಾ,” ಎಂದಳು ಆಕೆ. “ಬೆಳಕು ಹರಿದ ಮೇಲೆ ಪಿಶಾಚಿಗೆ ಬಾಯಿ ಎಲ್ಲಿಂದ ಬಂತು?”

ಮಹಡಿ ಎರಡಾಯಿತು. ಅರ್ಧ ಜನ ಸೂರ್ಯನ ಕಡೆ, ಅರ್ಧ ಜನ ಪಿಶಾಚಿಯ ಕಡೆ. ಆ ಹಾಳೆ ಬರೆದವನು ಕೆಳಗಿನ ಗಡಿಯಾರದಂಗಡಿಯ ಮುದುಕ. ತೀರ್ಪುಗಾರನೂ ಅವನೇ. ಅವನು ಕನ್ನಡಕ ಏರಿಸಿ ತನ್ನ ಹಾಳೆಯನ್ನು ತಾನೇ ಎರಡು ಸಲ ಓದಿದ. ಆಮೇಲೆ, “ಕುರ್ಚಿ ಬದಲಿಸಿ,” ಎಂದ.

ಅದು ಅಲ್ಲಿಯ ಪದ್ಧತಿ. ಜಗಳ ಬಗೆಹರಿಯದಿದ್ದರೆ ಇಬ್ಬರೂ ಎದ್ದು ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಬೇಕು. ಎದುರಿನವರ ಕೋಟೆ, ರಕ್ತ, ಕಾರ್ಡು ಈಗ ತಮ್ಮವು. ಆಟ ಅಲ್ಲಿಂದಲೇ ಮುಗಿಯುತ್ತದೆ, ಮರಳಿ ಏಳುವಂತಿಲ್ಲ. ಸೋತರೆ ತೆರೆಯಬೇಕಾದ ಪೆಟ್ಟಿಗೆ ಮಾತ್ರ ಅವರವರದೇ. ಹಾಗೆ ಕೂತವರನ್ನು ಮುದುಕ ಮತ್ತೆ ಕೇಳುತ್ತಿದ್ದ: ಈಗ ಹೇಳಿ, ಯಾವುದು ಸರಿ? ಅಲ್ಲಿಯವರೆಗೆ ಹಾಗೆ ಎದ್ದವರೆಲ್ಲ ತಮ್ಮ ವಾದವನ್ನು ಹಳೆಯ ಕುರ್ಚಿಯಲ್ಲೇ ಬಿಟ್ಟು ಬಂದಿದ್ದರು. ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು, ಮುದುಕ ಚೀಟಿ ಎತ್ತಿ ತೀರ್ಮಾನ ಹೇಳುತ್ತಿದ್ದ.

ಇಬ್ಬರೂ ಎದ್ದರು, ಜಾಗ ಬದಲಿಸಿ ಕೂತರು. ಮುದುಕ ಮೊದಲು ವ್ಯಾಪಾರಿಯನ್ನು ಕೇಳಿದ.

ವ್ಯಾಪಾರಿಯ ಮುಂದೆ ಈಗ ಸೂರ್ಯನಿದ್ದ. ಕುರ್ಚಿ ಇನ್ನೂ ಆಕೆಯ ಮೈಯ ಬಿಸಿಗೆ ಬೆಚ್ಚಗಿತ್ತು. ಆದರೂ ಅವನಿಗೆ ಮಾತು ಹುಡುಕಬೇಕಾಗಲಿಲ್ಲ. ಸೂರ್ಯ ಮೊದಲು ಎಂದ. ಸೂರ್ಯನೆಂದರೆ ಹಗಲಿಗೆಲ್ಲ ದೊರೆ, ದೊರೆಯ ಎದುರು ಪಿಶಾಚಿಯದೇನು ಲೆಕ್ಕ ಎಂದ. ಆಕೆ ಒಂದು ಮಾತಿನಲ್ಲಿ ಹೇಳಿದ್ದನ್ನು ಹತ್ತು ಮಾತಿನಲ್ಲಿ, ಆಕೆಗಿಂತ ಚೆನ್ನಾಗಿ ಹೇಳಿದ. ಎಲುಬಿಲ್ಲದ ನಾಲಿಗೆ, ತಮ್ಮಾ, ಎತ್ತ ಬೇಕಾದರೂ ಹೊರಳುತ್ತದೆ. ಜನ ನಕ್ಕರು. ವ್ಯಾಪಾರಿಯೂ ನಕ್ಕ. ಎಲ್ಲರೂ ಮಾಡುವುದನ್ನೇ ತಾನೂ ಮಾಡಿದೆ ಎಂದುಕೊಂಡ.

ಮುದುಕ ಚೀಟಿಗೆ ಕಾಗದ ಹರಿಯುತ್ತಲೇ ಆಕೆಯನ್ನು ಕೇಳಿದ: “ನೀವೇನಮ್ಮಾ ಹೇಳುತ್ತೀರಿ?”

ಆಕೆಯ ಮುಂದೆ ಈಗ ಪಿಶಾಚಿಯಿತ್ತು. ಆಕೆ ಹೊಸದೇನೂ ಹೇಳಬೇಕಾಗಿರಲಿಲ್ಲ. ವ್ಯಾಪಾರಿ ಆಗಲೇ ಆಡಿದ್ದ ಮಾತನ್ನು ಅವನಿಗೇ ತಿರುಗಿಸಿ ಹೇಳಿದ್ದರೆ ಸಾಕಿತ್ತು. ಚೀಟಿಯಲ್ಲಿ ಅರ್ಧ ಪಾಲು ಅವಕಾಶವಾದರೂ ಸಿಗುತ್ತಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಪಿಶಾಚಿಯನ್ನು ನೋಡಿದಳು. ಪೆಟ್ಟಿಗೆಯ ಮೇಲೆ ಕೈ ಇಟ್ಟಳು.

“ಸೂರ್ಯನೇ ಮೊದಲು,” ಎಂದಳು.

ಮುದುಕ ಕಾಗದ ಹರಿಯುವುದನ್ನು ನಿಲ್ಲಿಸಿದ. “ಅಮ್ಮಾ, ಈಗ ಯಾವ ಕುರ್ಚಿಯಲ್ಲಿದ್ದೀರಿ ನೋಡಿಕೊಂಡು ಹೇಳಿ.”

“ನೋಡಿಕೊಂಡೇ ಹೇಳಿದೆ. ಎದ್ದು ಬಂದವಳು ನಾನು, ಸೂರ್ಯ ಅಲ್ಲ.”

ಹಾಗೆಂದು ತಾನೇ ಪಿಶಾಚಿಯ ಕಾರ್ಡನ್ನು ಬೋರಲು ಹಾಕಿದಳು. ಕೋಟೆ ಬಿತ್ತು.

ಯಾರೂ ನಗಲಿಲ್ಲ. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು, ಏಕೆ ಎದ್ದೆವೆಂದು ಅವರಿಗೂ ಗೊತ್ತಿರಲಿಲ್ಲ. ಮುದುಕ ತಾನು ಬರೆದ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಆಕೆಗೆ ಕೈ ಮುಗಿದ. ವ್ಯಾಪಾರಿಯ ಮೈ ಜುಮ್ಮೆಂದಿತು. ಅವನು ಕಾಶಿ ಕಂಡವನು, ಸಮುದ್ರ ಕಂಡವನು, ದೊಡ್ಡ ದೊಡ್ಡವರ ಪಾದ ಮುಟ್ಟಿ ಬಂದವನು. ಎಲ್ಲಿಯೂ ಅವನ ಎದೆ ಹೀಗೆ ತಲೆಬಾಗಿರಲಿಲ್ಲ. ಬಿಟ್ಟರೆ ಅಲ್ಲೇ, ಆ ಮಹಡಿಯ ನೆಲದ ಮೇಲೆ, ಆಕೆಯ ಕಾಲಿಗೆ ಬೀಳಬೇಕೆನಿಸಿತು.

ಆಕೆ ಪೆಟ್ಟಿಗೆಯ ಮುಚ್ಚಳ ತೆಗೆದು ಅವನ ಕಡೆ ಸರಿಸಿದಳು.

ಈಗ ಕೇಳು, ತಮ್ಮಾ. ತಲೆಬಾಗಿದ ಎದೆಯೂ ಅವನದೇ, ಚಾಚಿದ ಕೈಯೂ ಅವನದೇ. ಯಾವುದೋ ಒಂದು ಸವಕಲು ಬಾವಲಿ ಎತ್ತಿಕೊಂಡು ಬರಬಹುದಿತ್ತು. ಬೇಡ ಎಂದು ಮುಚ್ಚಳ ಹಾಕಬಹುದಿತ್ತು. ಹಾಗೆ ಮಾಡಬಾರದೆಂದು ಯಾವ ಹಾಳೆಯಲ್ಲೂ ಬರೆದಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡೇ ಅವನು ಪೆಟ್ಟಿಗೆಗೆ ಕೈ ಹಾಕಿದ. ಹಲ್ಲಿಲ್ಲದ ಅಜ್ಜನನ್ನೇ ಎತ್ತಿಕೊಂಡ.

“ಬಿಸಿಲಿಗೆ ಇಡಬೇಡಿ, ಅಣ್ಣಾ,” ಎಂದಳು ಆಕೆ. “ಬಣ್ಣ ಹೋಗುತ್ತದೆ.”

ವ್ಯಾಪಾರಿ ಮನೆಗೆ ಬಂದು ಚಾಪೆ ಹಾಸಿ ನೂರೆಂಟು ಕಾರ್ಡುಗಳನ್ನೂ ಸಾಲಾಗಿ ಹರಡಿದ. ಹನ್ನೊಂದು ವರ್ಷ ಕಾದಿದ್ದ ಸಾಲು. ಒಂದೂ ಕಡಿಮೆ ಇರಲಿಲ್ಲ. ಅದನ್ನು ನೋಡಿದರೆ ಸಂತೋಷವಾಗುತ್ತದೆಂದು ಸಂಜೆಯವರೆಗೆ ಕಾದು ಕೂತ. ಆಗಲಿಲ್ಲ. ಕೊನೆಯ ಕಾರ್ಡನ್ನು ತಿರುಗಿಸಿದ. ‘ಅಕ್ಕನಿಗೆ’ ಎಂದಿತ್ತು. ಪೆನ್ಸಿಲಿನ ಅಕ್ಷರ, ಬೆರಳು ತಾಕಿದರೆ ಅಳಿಸುವಂಥದು. ಅವನು ಬೆರಳು ತಾಕಿಸಲಿಲ್ಲ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನ ಮುಖ ಕೆಂಪಾಗಿತ್ತು. ಗ್ರಂಥಗಳ ನೆನಪು ಅವನಿಗಿರಲಿಲ್ಲ.

“ಎಂಥ ಮಹಾತಾಯಿ!” ಎಂದ. “ಅವನೆಂಥ ನಾಚಿಕೆಗೆಟ್ಟವನು! ಅಷ್ಟು ಕಣ್ಣಾರೆ ಕಂಡ ಮೇಲೂ ಕೈ ಹಾಕಿದನಲ್ಲ. ಮರುದಿನವಾದರೂ ಹೋಗಿ ವಾಪಸ್ಸು ಕೊಡಬಾರದಿತ್ತೇ, ಗುರುಗಳೇ?”

ಗುರು ತಮ್ಮ ಬಲಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ಹೇಳಿದರು:

“ಕೊಡಲೆಂದೇ ಹೋದೆ, ತಮ್ಮಾ, ಆಕೆ ಅದನ್ನು ಮುಟ್ಟದೆ ಕುರ್ಚಿ ಎಳೆದು, ‘ಬನ್ನಿ ಅಣ್ಣಾ, ಆಡಿಯೇ ಗೆದ್ದುಕೊಳ್ಳುತ್ತೇನೆ, ಮೊದಲ ಸರದಿ ನಿಮ್ಮದೇ’ ಎಂದಳು.”