ಸೀದ ವಾಸನೆಯ ಅತ್ತರು

“ಗುರುಗಳೇ, ಧ್ಯಾನಕ್ಕೆ ಕುಳಿತರೆ ನನಗೆ ಹಳೆಯ ದಿನಗಳು ನೆನಪಾಗುತ್ತವೆ. ಎಲ್ಲವೂ ಸಿಹಿಯಾದವೇ. ಅವುಗಳಲ್ಲಿ ಕೋಪವಿಲ್ಲ, ಆಸೆಯಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಇದ್ದರೆ ತಪ್ಪೇನು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯಿದ್ದ. ಅವನ ತಾಯಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಅವನು ಚಿಕ್ಕವನಾಗಿದ್ದಾಗ ಅವಳು ಮಧ್ಯಾಹ್ನ ಶುಂಠಿ ಚಹಾ ಕಾಸಿ, ಜೊತೆಗೆ ಕಾಯಿಹಾಲು, ಬೆಲ್ಲ ಹಾಕಿ ಒಲೆಯ ಮೇಲೆ ಕೈಯಾಡಿಸಿ ಮಾಡಿದ ಹಾಲುಬಾಯಿ ಕೊಡುತ್ತಿದ್ದಳು. ಆ ಮಧ್ಯಾಹ್ನ ಮತ್ತೆ ಬೇಕೆನಿಸಿತು. ಅತ್ತರು ಮಾಡುವವನ ಬಳಿಗೆ ಹೋಗಿ, ಆ ವಾಸನೆಯನ್ನು ಸೀಸೆಯಲ್ಲಿ ಹಿಡಿದು ಕೊಡು ಎಂದ.

ಅತ್ತರಿನವನು ಶುಂಠಿ, ಚಹಾಪುಡಿ, ಏಲಕ್ಕಿ, ಕಾಯಿಹಾಲು, ಬೆಲ್ಲ ಎಲ್ಲವನ್ನೂ ಸೇರಿಸಿದ. ಮೂರು ಸಲ ಮಾಡಿದ. ಮೂರು ಸಲವೂ ವ್ಯಾಪಾರಿ ಇದಲ್ಲ ಎಂದು ತಲೆಯಾಡಿಸಿದ.

“ಇದು ಮಿಠಾಯಿ ಅಂಗಡಿಯ ವಾಸನೆ. ನಮ್ಮ ಮನೆಯದಲ್ಲ. ನಮ್ಮಮ್ಮ ಮಾತಿನ ಮಲ್ಲಿ. ಮಾತಿಗೆ ನಿಂತರೆ ಕೈಯಾಡಿಸುವುದನ್ನೇ ಮರೆಯುತ್ತಿದ್ದಳು. ತಳ ಸೀಯದ ಹಾಲುಬಾಯಿಯನ್ನು ನಾನು ತಿಂದೇ ಇಲ್ಲ. ಆ ಸೀದ ವಾಸನೆ ಹಾಕು.”

ಅತ್ತರಿನವನು ಸೀಸೆಯನ್ನು ಕೆಳಗಿಟ್ಟ. “ಸೀದದ್ದನ್ನು ನಾವು ಅತ್ತರಿಗೆ ಹಾಕುವುದಿಲ್ಲ.”

“ಯಾಕೆ?”

“ನಮ್ಮಪ್ಪ ಹಾಕುತ್ತಿರಲಿಲ್ಲ. ಕಾರಣ ಹೇಳಲಿಲ್ಲ.”

“ಹಾಗಾದರೆ ನಿನಗೆ ಬರುವುದಿಲ್ಲ ಅನ್ನು.”

ಮಾತು ತಾಗಿತು. ಅತ್ತರಿನವನು ಹಾಕಿದ.

ಅದನ್ನು ಮೂಸಿದ ವ್ಯಾಪಾರಿ ಇದೇ ಎಂದು ಸೀಸೆಯನ್ನು ಮನೆಗೆ ಒಯ್ದ. ಅಂದಿನಿಂದ ಪ್ರತಿ ಮಧ್ಯಾಹ್ನ ಅತ್ತರಿನಲ್ಲಿ ಅದ್ದಿದ ಹತ್ತಿಯನ್ನು ಕಿವಿಯ ಮಡಿಕೆಗೆ ಸಿಕ್ಕಿಸಿಕೊಂಡು, ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದ. ತಾಯಿ ಬರುತ್ತಿದ್ದಳು. ಮೊದಮೊದಲು ಸ್ವಲ್ಪ ಹೊತ್ತು ಕೂರುತ್ತಿದ್ದವನು ಆಮೇಲೆ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ.

ಒಂದು ದಿನ ಹೆಂಡತಿ ಕೊಡ ಎತ್ತಿಕೊಂಡು ಬಂದು, “ಒಲೆಯ ಮೇಲೆ ಬೆಲ್ಲದ ಪಾಕ ಇದೆ. ಮಗು ಅಲ್ಲೇ ತೊಟ್ಟಿಲಲ್ಲಿ ಮಲಗಿದೆ. ನೀರು ತರುತ್ತೇನೆ, ನೋಡಿಕೊಳ್ಳಿ” ಎಂದಳು. ಅವನು ಹೂಂ ಎಂದ.

ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಅವನು ಕಣ್ಣು ತೆರೆಯಲಿಲ್ಲ. ವಾಸನೆ ಹೆಚ್ಚಿತು. ಇವತ್ತು ಅಮ್ಮ ತೀರ ಹತ್ತಿರ ಬಂದಿದ್ದಾಳೆ ಎಂದುಕೊಂಡ. ಒಳಗೆ ಮಗು ಕೆಮ್ಮಿತು. ಒಲೆಯ ಮುಂದೆ ಅಮ್ಮನೂ ಹೀಗೇ ಕೆಮ್ಮುತ್ತಿದ್ದಳು. ಅವನಿಗೆ ನಗು ಬಂತು.

ಆಮೇಲೆ ಕೆಮ್ಮು ನಿಂತಿತು.

ಹೆಂಡತಿ ಬೀದಿಯಿಂದಲೇ ಹೊಗೆ ಕಂಡಳು. ಕೊಡ ಬಿಸಾಡಿ ಓಡಿ ಬಂದಳು. ಪಾಕ ಉಕ್ಕಿ ಒಲೆಗೆ ಸುರಿದು, ಪಕ್ಕದ ಸೌದೆಗೂ ಬೆಂಕಿ ಹತ್ತಿತ್ತು. ಅಡುಗೆಮನೆಯಲ್ಲಿ ಹೊಗೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಕೈಯಿಂದ ತಡಕಿ ತೊಟ್ಟಿಲು ಹುಡುಕಿ, ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಅದರ ಬೆನ್ನು ತಟ್ಟಿದಳು. ಮತ್ತೆ ತಟ್ಟಿದಳು. ಬಹಳ ಹೊತ್ತಿನ ಮೇಲೆ ಮಗು ಅತ್ತಿತು.

“ಇಲ್ಲೇ ಕೂತಿದ್ದಿರಲ್ಲ, ನಿಮಗೆ ವಾಸನೆ ಬರಲಿಲ್ಲವೇ?” ಎಂದಳು.

“ಬಂತು. ಅಮ್ಮ ಅಂದುಕೊಂಡೆ.”

ಅವಳು ಮತ್ತೆಂದೂ ಮಗುವನ್ನು ಅವನೊಬ್ಬನ ಬಳಿ ಬಿಟ್ಟು ಹೋಗಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟ.

“ಸದ್ಯ, ಮಗು ಉಳಿಯಿತಲ್ಲ. ಆ ಸೀಸೆಯನ್ನು ಒಡೆದು ಹಾಕಿದನೇ, ಗುರುಗಳೇ?”

“ಅಂದೇ ಒಡೆದ, ಆ ಮಗುವಿಗೆ ಈಗ ಮದುವೆಯ ವಯಸ್ಸು, ಆದರೆ ತಾಯಿಯ ನೆನಪಾದರೆ ಸಾಕು, ವ್ಯಾಪಾರಿ ಇಂದಿಗೂ ತೊಟ್ಟಿಲಿದ್ದ ಮೂಲೆಗೆ ಓಡುತ್ತಾನೆ.”